ತಪ್ಪು ಅಂತ ಗೊತ್ತಿದ್ದರೂ ಜನ ಯಾಕೆ ಲಂಚ ಕೊಡುತ್ತಾರೆ?

ನಮ್ಮ ಹಾಸನದ ಕಡೆ ಅದನ್ನು ಲಂಚ ಅನ್ನುವವರೇ ಕಡಿಮೆ. ‘ಕಾಫಿ ಖರ್ಚಿಗೆ’ ಅಂತಾರೆ. ತೀರಿಕೊಂಡ ಅಪ್ಪನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋ ಪೌತಿ ಖಾತೆಗೆ ನಾನು ಕಚೇರಿಗೆ ನಾಲ್ಕು ಸಲ ಓಡಾಡಿದೆ. ಒಮ್ಮೆ ಸರ್ವರ್ ಇಲ್ಲ, ಇನ್ನೊಮ್ಮೆ ಸಾಹೇಬರು ಮೀಟಿಂಗಿನಲ್ಲಿ. ಹೊರಗೆ ಟೀ ಅಂಗಡಿ ಹತ್ತಿರ ಒಬ್ಬರು ಮೆಲ್ಲಗೆ, “ಏನಾದ್ರೂ ನೋಡ್ಕೊಳ್ಳಿ ಸಾರ್” ಅಂದರು. ಒಂದು ದಿನ ಹೋದರೆ ಕೂಲಿ, ಬಸ್ ಚಾರ್ಜು ಎರಡೂ ಖೋತಾ. ಕೊಡೋದೇ ಅಗ್ಗ ಅನ್ನಿಸುತ್ತೆ, ಅಲ್ವಾ?

ಆದರೆ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿ ನಂತರ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಲೋಕಾಯುಕ್ತ ಪೊಲೀಸರಿಗೆ ತಿಳಿಸಬೇಕು. ಸರ್ಕಾರಿ ಕೆಲಸ ಇಂತಿಷ್ಟು ದಿನದೊಳಗೆ ಆಗಬೇಕು ಅನ್ನೋ ‘ಸಕಾಲ’ ಯೋಜನೆ ಇದೆ; ಅರ್ಜಿ ಹಾಕುವಾಗಲೇ ಅದರ ಸ್ವೀಕೃತಿ ಸಂಖ್ಯೆಯ ಚೀಟಿ ಕೇಳಿ ಪಡೆಯಿರಿ. ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ದುಡ್ಡು ಸಣ್ಣದು, ಆದರೆ ಲೆಕ್ಕ ಉಳಿಯುತ್ತೆ. ನಾನು ಆ ಚೀಟಿ ತೋರಿಸಿದೆ. ಐದನೇ ಸಲ ಸರ್ವರ್ ಸರಿಯಾಗಿತ್ತು!