ಖೇನ್ ತೂತು ಬೆರಳಿಗೆ ಎಟುಕುತ್ತಿಲ್ಲ, ಹೊಸದು ಕೊರೆಯಲೇ?

ಪ್ರಶ್ನೆ: ಹನ್ನೆರಡು ವರ್ಷದಿಂದ ಕೊಳಲು ನುಡಿಸುತ್ತಿದ್ದೇನೆ. ಲಾವೋಸ್‌ಗೆ ಹೋದಾಗ 16 ಕೊಳವೆಯ ಖೇನ್ ಎಂಬ ಬಿದಿರಿನ ಊದುವಾದ್ಯ ತಂದೆ. ಅದರ ತೂತುಗಳಿಗೆ ಒಂದು ಕ್ರಮವೇ ಇಲ್ಲ. ಸರಿಗಮ ನುಡಿಸಲು ಒಮ್ಮೆ ಎಡಗೈ, ಒಮ್ಮೆ ಬಲಗೈ. ಕೊನೆಯ ತೂತಂತೂ ಕಿರುಬೆರಳಿಗೆ ಎಟುಕುವುದೇ ಇಲ್ಲ. ಅದನ್ನು ಮೇಣದಿಂದ ಮುಚ್ಚಿ, ಅನುಕೂಲವಾದ ಕಡೆ ಬೇರೆ ತೂತು ಕೊರೆಯಬಹುದೇ?

ಉತ್ತರ: ಬೇಡ, ಡ್ರಿಲ್ ಪಕ್ಕಕ್ಕಿಡಿ. ನಾನೂ ಒಮ್ಮೆ ಕೊರೆಯಲು ಹೋಗಿದ್ದೆ. ತೆಳು ಬಿದಿರು, ನಮ್ಮ ವಾಟೆಯ ಹಾಗೆ. ಚಟ್ ಅಂತ ಉದ್ದಕ್ಕೆ ಸೀಳಿತು.

ಕೊಳಲಿನಲ್ಲಿ ತೂತಿನ ಜಾಗವೇ ಸ್ವರವನ್ನು ತೀರ್ಮಾನಿಸುತ್ತದೆ, ಅಲ್ವಾ? ಖೇನ್‌ನಲ್ಲಿ ಹಾಗಲ್ಲ. ಒಂದು ಕೊಳವೆಗೆ ಒಂದೇ ಸ್ವರ. ನಾವು ಊದುವ ಮರದ ಗಾಳಿಗೂಡಿನೊಳಗೆ ಪ್ರತಿ ಕೊಳವೆಗೂ ಪುಟ್ಟ ಲೋಹದ ರೀಡ್, ಅಂದರೆ ಗಾಳಿಗೆ ಅದುರುವ ತೆಳು ಪಟ್ಟಿ, ಇರುತ್ತದೆ. ಆ ರೀಡು ಮತ್ತು ಕೊಳವೆಯಲ್ಲಿ ಕೊರೆದ ಸೀಳುಗಂಡಿಗಳು ಸೇರಿ ಶ್ರುತಿ ಕೂಡಿಸುತ್ತವೆ. ಬೆರಳ ತೂತು ಬರೀ ಸ್ವಿಚ್. ತೆರೆದಿದ್ದರೆ ಕೊಳವೆಯ ಗಾಳಿಗೂ ರೀಡಿಗೂ ಹೊಂದುವುದಿಲ್ಲ, ಕೊಳವೆ ಸುಮ್ನಿರುತ್ತದೆ. ಮುಚ್ಚಿದರೆ ಹಾಡುತ್ತದೆ. ಊದಿದರೂ ಅದೇ ಸ್ವರ, ಉಸಿರು ಎಳೆದರೂ ಅದೇ ಸ್ವರ. ಹಾಗಾಗಿ ಮೇಣ ಮೆತ್ತಿದರೆ ಆ ಸ್ವರ ಬಾಯಿ ಮುಚ್ಚುವುದಿಲ್ಲ, ಉಸಿರು ಇರುವಷ್ಟು ಹೊತ್ತೂ ಹಾಡುತ್ತಲೇ ಇರುತ್ತದೆ! ಅಲ್ಲಿಯ ವಾದಕರು ಬೇಕೆಂದೇ ಹೀಗೆ ಮಾಡಿ ಆಧಾರಸ್ವರ ಹಿಡಿಯುತ್ತಾರೆ. ಅದಕ್ಕೆ ಬಳಸುವ ಕಪ್ಪು ಅಂಟಿಗೆ ಖಿಸೂತ್ ಎಂದು ಹೆಸರು. ಚುಚ್ಚದ ಪುಟ್ಟ ಜೇನಿನ ಅಂಟು ಅದು, ನಮ್ಮ ಕಡೆಯ ಮುಜಂಟಿಯದರಂತೆ.

ಇನ್ನು ಕ್ರಮ. ಖೇನ್ ಒಂಟಿ ಸ್ವರದ ವಾದ್ಯವಲ್ಲ. ಒಂದು ಸ್ವರದ ಜೊತೆಗೆ ಅದರ ಮೇಲಿನ ಸ್ಥಾಯಿಯದೋ ಪಂಚಮವೋ ಒಟ್ಟಿಗೆ ಮೊಳಗಬೇಕು. ಒಟ್ಟಿಗೆ ಬೇಕಾದವು ಬೇರೆ ಬೇರೆ ಬೆರಳಿಗೆ ಬಂದರೆ ತಾನೇ ಒತ್ತಲು ಆಗುವುದು? ಸರಿಗಮಕ್ಕೆ ಅಡ್ಡ ಬರುವ ಜೋಡಣೆ ಇಲ್ಲಿ ಸಲೀಸು. ನನಗಂತೂ ಇದು ಕೊಳಲಿಗಿಂತ ಜಾಣ ಜೋಡಣೆ ಅನಿಸುತ್ತದೆ.

ಕಿರುಬೆರಳಿನ ಕಷ್ಟ ಮಾತ್ರ ನಿಜ. ಬಹುಶಃ ನೀವು ಬೆರಳ ತುದಿಯಿಂದ ಮುಚ್ಚುತ್ತಿದ್ದೀರಿ. ದೊಡ್ಡ ಬಾನ್ಸುರಿ ಹಿಡಿಯುವಂತೆ ಬೆರಳನ್ನು ಚಪ್ಪಟೆಯಾಗಿ ಮಲಗಿಸಿ, ಗೆಣ್ಣಿನ ಹತ್ತಿರದ ಮಾಂಸದಿಂದ ಮುಚ್ಚಿ. ಗಾಳಿಗೂಡನ್ನು ಎರಡೂ ಅಂಗೈ ನಡುವೆ, ಹಕ್ಕಿ ಹಿಡಿದಂತೆ ಹಿಡಿಯಿರಿ. ವಾದ್ಯವನ್ನು ಸ್ವಲ್ಪ ಓರೆ ಮಾಡಿ. ಅಂಗೈ ಅರ್ಧ ಇಂಚು ಮುಂದೆ ಸರಿದರೂ ಸಾಕು, ಕಿರುಬೆರಳಿಗೆ ಜಾಗ ಸಿಗುತ್ತದೆ. ಹೆಬ್ಬೆರಳು ಮೊದಲ ಜೋಡಿ ಕೊಳವೆಗೇ ಮೀಸಲು. ಉಳಿದ ಕೆಲವು ಬೆರಳು ಎರಡೆರಡು ತೂತು ನೋಡಿಕೊಳ್ಳಬೇಕು, ಅದಕ್ಕೆ ಬೇರೆ ದಾರಿಯಿಲ್ಲ.

ಸರಿಗಮ ಸದ್ಯ ಬಿಡಿ. ಖೇನ್‌ನ 'ಲೈ ಯೈ' ಧಾಟಿಯ ಐದು ಸ್ವರಗಳು ನಮ್ಮ ಶುದ್ಧ ಧನ್ಯಾಸಿ ರಾಗದವೇ. ನಿಮ್ಮ ಕಿವಿಗೆ ಗೊತ್ತಿರುವ ದಾರಿ ಅದು. ಮೊದಲು ಷಡ್ಜದ ಎರಡು ಕೊಳವೆ ಹುಡುಕಿ ಒಟ್ಟಿಗೆ ಮುಚ್ಚಿ, ಆಮೇಲೆ ಉಳಿದ ನಾಲ್ಕನ್ನು ಒಂದೊಂದಾಗಿ ಸೇರಿಸುತ್ತಾ ಹೋಗಿ.