12 ಕ್ರೇನಿಯಲ್ ನರಗಳಿಗೆ ಸೂತ್ರ ಹುಡುಕುವ ಮೊದಲು ‘ನರ’ ಅನ್ನೋ ಪದವನ್ನು ಬಿಡಿಸಿಕೊಳ್ಳಿ

ಕನ್ನಡ ಮಾಧ್ಯಮದಿಂದ ಬಂದು ಬಿ.ಪಿ.ಟಿ. (ಫಿಸಿಯೋಥೆರಪಿ ಪದವಿ) ಮೊದಲ ವರ್ಷದಲ್ಲಿದ್ದೀರಿ. ಮಿದುಳಿನಿಂದ ಹೊರಡುವ 12 ಜೊತೆ ನರಗಳ ಹೆಸರು ತಲೆಯಲ್ಲಿ ನಿಲ್ಲುತ್ತಿಲ್ಲ, ಸುಲಭ ಸೂತ್ರ ಬೇಕು. ನರದ ಸಿಗ್ನಲ್ ಪಾಠ ಕೈಬಿಟ್ಟು ರಕ್ತನಾಳ ಮಾತ್ರ ಓದಿಕೊಂಡರೆ ನಡೆಯುತ್ತಾ ಅಂತಲೂ ಕೇಳಿದ್ದೀರಿ.

ನನ್ನ ಹತ್ತಿರ ಸೂತ್ರ ಇತ್ತು. ಇದ್ದೂ ಫೇಲಾದೆ.

ನಮ್ಮೂರು ಪಾಂಡವಪುರದ ಹತ್ತಿರ. ಓದಿದ್ದು ಮೈಸೂರಿನಲ್ಲಿ. ಸೀನಿಯರ್ ಒಬ್ಬರು ಒಂದು ಇಂಗ್ಲಿಷ್ ವಾಕ್ಯ ಕೊಟ್ಟಿದ್ದರು. ಅದರ ಒಂದೊಂದು ಪದದ ಮೊದಲ ಅಕ್ಷರ ಹಿಡಿದರೆ ಆಲ್ಫ್ಯಾಕ್ಟರಿಯಿಂದ ಹೈಪೋಗ್ಲಾಸಲ್‌ವರೆಗೆ ಹನ್ನೆರಡೂ ಸಾಲಾಗಿ ಬರುತ್ತವೆ. ದಿನಾ ರೈಲಿನಲ್ಲಿ ಅದನ್ನೇ ಗುನುಗುತ್ತಿದ್ದೆ. ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಹತ್ತು ಸಲ ಮುಗಿಯುತ್ತಿತ್ತು. ಅನಾಟಮಿ (ದೇಹರಚನೆಯ ಪಾಠ) ನನಗೆ ಬರುತ್ತೆ ಅಂತಲೇ ನಂಬಿದ್ದೆ.

ಪ್ರಾಕ್ಟಿಕಲ್ ದಿನ ಟ್ರೇಯಲ್ಲಿ ಬಿಡಿಸಿಟ್ಟ ಒಂದು ತೋಳು ಇತ್ತು. ತೋಳಿನ ಒಳಬದಿಯಲ್ಲಿ ಬ್ರೇಕಿಯಲ್ ಅಪಧಮನಿ (ಹೃದಯದಿಂದ ರಕ್ತ ತರುವ ನಾಳ), ಅದರ ಪಕ್ಕದ ಅಭಿಧಮನಿಗಳು (ಹೃದಯಕ್ಕೆ ರಕ್ತ ಮರಳಿಸುವ ನಾಳಗಳು), ಮೀಡಿಯನ್ ನರ, ಎಲ್ಲವೂ ಒಟ್ಟಿಗೇ ಇಳಿಯುತ್ತವೆ. ಪರೀಕ್ಷಕರು ಫೋರ್ಸೆಪ್ಸ್ ಕೊಟ್ಟು, “ನರ್ವ್ ಎತ್ತಿ ತೋರಿಸಮ್ಮ” ಅಂದರು. ನಾನು ಚಪ್ಪಟೆಯಾಗಿ ಮಲಗಿದ್ದ ಒಂದು ಎಳೆ ಎತ್ತಿದೆ.

“ಇದರಲ್ಲಿ ಏನು ಹೋಗುತ್ತೆ?”

“ಸಿಗ್ನಲ್ ಸರ್.”

“ಎಲ್ಲಿ ಹೋಗುತ್ತೆ?”

“ಒಳಗಡೆ ಸರ್. ನಾಳದಲ್ಲಿ.”

ಅವರು ಕತ್ತರಿಸಿದ ತುದಿಗೆ ಪ್ರೋಬ್ (ತೆಳ್ಳನೆ ಕಡ್ಡಿ) ತೂರಿಸಿದರು. ಸಲೀಸಾಗಿ ಒಳಗೆ ಹೋಯಿತು. ನಾನು ಎತ್ತಿದ್ದು ಅಭಿಧಮನಿ. ಆಮೇಲೆ ಅದೇ ಪ್ರೋಬನ್ನು ಪಕ್ಕದ ಬಿಳಿ ಹುರಿಯ ತುದಿಗೆ ಒತ್ತಿದರು. ಹೋಗಲಿಲ್ಲ. ಅಲ್ಲಿ ತೂತೇ ಇರಲಿಲ್ಲ.

ಆಮೇಲೆ ಕ್ರೇನಿಯಲ್ ನರಗಳನ್ನು ಕೇಳಿದರು. ಒಂದೇ ಉಸಿರಿಗೆ ಹನ್ನೆರಡೂ ಹೇಳಿದೆ. “ಐದನೆಯದು ಎಲ್ಲಿಗೆ ಹೋಗುತ್ತೆ?” ಮುಖಕ್ಕೆ ಅಂದೆ. “ಏಳನೆಯದು?” ಮುಖಕ್ಕೆ ಅಂದೆ. “ಎರಡೂ ಮುಖಕ್ಕೇ ಹೋದರೆ ಎರಡು ಯಾಕೆ ಬೇಕು?” ಬಾಯಿ ಬಿಡಲಿಲ್ಲ. ಆ ವರ್ಷ ಅನಾಟಮಿ ಹೋಯಿತು. ಜೊತೆಯವರು ಮುಂದೆ ಹೋದರು, ನಾನು ಒಂದು ಬ್ಯಾಚ್ ಹಿಂದೆ ಉಳಿದೆ. ಅಪ್ಪ ಸಾಲ ಮಾಡಿ ಇನ್ನೊಮ್ಮೆ ಫೀಸ್ ಕಟ್ಟಿದರು.

ನನ್ನ ತಪ್ಪು ಏನು ಅನ್ನೋದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ನೀವೂ ಅಲ್ಲೇ ನಿಂತಿದ್ದೀರಿ ಅಂತ ನನಗೆ ಅನ್ನಿಸುತ್ತಿದೆ.

ನಮ್ಮ ಕಡೆ ‘ನರ’ ಅಂದರೆ ಎಲ್ಲವೂ ನರವೇ. ಡ್ರಿಪ್ ಹಾಕುವಾಗ “ನರ ಸಿಗ್ತಿಲ್ಲ” ಅಂತಾರೆ. ಅದು ಅಭಿಧಮನಿ. ಕಾಲಲ್ಲಿ ನೀಲಿಯಾಗಿ ಸುತ್ತಿಕೊಂಡರೆ “ನರ ಉಬ್ಬಿದೆ”. ಅದೂ ಅಭಿಧಮನಿ. ಮಂಡಿ ಹಿಂದೆ ಹಗ್ಗದ ಹಾಗೆ ಸಿಗುವುದು “ನರ ಬಿಗಿದಿದೆ”. ಅದು ಸ್ನಾಯುವಿನ ಕಂಡರ, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. ಸೊಂಟದಿಂದ ಕಾಲಿಗೆ ಚಳಕು ಹೊಡೆದರೆ “ನರ ಹಿಡ್ಕೊಂಡಿದೆ”. ಇದೊಂದು ಮಾತ್ರ ನಿಜವಾದ ನರ. ಹುಟ್ಟಿದಾಗಿನಿಂದ ಈ ನಾಲ್ಕಕ್ಕೂ ಒಂದೇ ಪದ ಕೇಳಿಸಿಕೊಂಡು ಬೆಳೆದ ನನ್ನ ತಲೆಯಲ್ಲಿ ಒಂದೇ ಚಿತ್ರ ಇತ್ತು: ಕೊಳವೆ. ರಕ್ತದ ಕೊಳವೆ ಒಂದು, ಸಿಗ್ನಲ್ಲಿನ ಕೊಳವೆ ಇನ್ನೊಂದು. ಕಾಲೇಜಿಗೆ ಬಂದ ಮೇಲೆ ಆ ತಪ್ಪು ಚಿತ್ರದ ಮೇಲೇ ಇಂಗ್ಲಿಷ್ ಹೆಸರು ಅಂಟಿಸಿದೆ, ಅಷ್ಟೇ. ಚಿತ್ರವನ್ನು ತೆಗೆದು ನೋಡಲಿಲ್ಲ. ಸೂತ್ರ ಬಾಯಿಗೆ ಬಂದಿದ್ದರಿಂದ ನೋಡಬೇಕು ಅಂತ ಅನ್ನಿಸಲೂ ಇಲ್ಲ.

ಇದು ಕನ್ನಡ ಮಾಧ್ಯಮದ ತೊಂದರೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಇಂಗ್ಲಿಷ್ ಮಾಧ್ಯಮದ ನನ್ನ ಗೆಳತಿಯರೂ ಕೊಳವೆ ಅಂತಲೇ ನಂಬಿದ್ದರು. ಅಷ್ಟೇ ಯಾಕೆ, ಗ್ಯಾಲೆನ್‌ನಂಥ ಪ್ರಾಚೀನ ಕಾಲದ ದೊಡ್ಡ ವೈದ್ಯ ಕೂಡ ನರಗಳ ಮೂಲಕ ಒಂದು ಬಗೆಯ ಚೈತನ್ಯ ಹರಿಯುತ್ತದೆ ಅಂತ ನಂಬಿದ್ದ. ಅವನ ನಂತರ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಜನ ಅದನ್ನೇ ನಂಬಿದರು. ಅವನ ಲೆಕ್ಕದಲ್ಲಿ ಮಿದುಳಿನ ನರಗಳು ಏಳೇ ಜೊತೆ. ಈಗ ನಾವು ಓದುವ 12ರ ಪಟ್ಟಿ ಬಂದದ್ದು 1778ರಲ್ಲಿ, ಜರ್ಮನಿಯ ಸೋಮರಿಂಗ್ ಎಂಬುವರಿಂದ. ತಲೆತಲಾಂತರ ನೋಡಿ ನೋಡಿ ಬಿಡಿಸಿದ್ದನ್ನು ನಾನು ಒಂದು ವಾಕ್ಯದಲ್ಲಿ ಮುಗಿಸಲು ಹೊರಟಿದ್ದೆ.

ಫೇಲಾದ ಮೇಲೆ ಊರಲ್ಲಿ ಕೂತಿದ್ದೆ. ಅಪ್ಪ ನೀರುಗಂಟಿ. ವಿಶ್ವೇಶ್ವರಯ್ಯ ನಾಲೆಯಿಂದ ನಮ್ಮ ಬಯಲಿಗೆ ಬರುವ ನೀರನ್ನು ಯಾವ ತೂಬಿಗೆ ಎಷ್ಟು ಅಂತ ಬಿಡುವುದು ಅವರ ಕೆಲಸ. ಒಂದು ಸಂಜೆ ಅವರ ಜೊತೆ ಹೋದಾಗ, ಸುಮ್ನೆ ಮಾತಿಗೆ ಅಂತ, ರಕ್ತ ಹೇಗೆ ಹರಿಯುತ್ತೆ ಅಂತ ಹೇಳತೊಡಗಿದೆ. ಕನ್ನಂಬಾಡಿ ಕಟ್ಟೆ ಇದ್ದ ಹಾಗೆ ಹೃದಯ. ದೊಡ್ಡ ನಾಲೆ ಮಹಾಪಧಮನಿ, ಸುಮಾರು ಎರಡೂವರೆ ಸೆಂಟಿಮೀಟರ್ ಅಗಲ. ಅದು ಕವಲೊಡೆದು ಸಣ್ಣದಾಗುತ್ತಾ ಹೋಗುತ್ತೆ. ತೀರಾ ಸಣ್ಣ ಅಪಧಮನಿಗಳ ಗೋಡೆಯಲ್ಲಿ ಸ್ನಾಯು ಇದೆ. ಅದು ಬಿಗಿದರೆ ರಕ್ತ ಕಮ್ಮಿ, ಸಡಿಲಿಸಿದರೆ ಜಾಸ್ತಿ. ಅದೇ ತೂಬು. ಅಪ್ಪನಿಗೆ ತಕ್ಷಣ ಅರ್ಥವಾಯಿತು. “ಹಂಗಾದ್ರೆ ಎಲ್ಲಾ ತೂಬನ್ನೂ ಒಂದೇ ಸಲಕ್ಕೆ ಎತ್ತಂಗಿಲ್ಲ ಅನ್ನು” ಅಂದರು. ಹೌದು, ಎತ್ತಿದರೆ ಬಿ.ಪಿ. ಬಿದ್ದು ಹೋಗುತ್ತೆ.

ಗದ್ದೆಯೊಳಗೆ ನೀರು ಹರಡಿ ಬೇರಿಗೆ ಇಳಿಯುವ ಜಾಗ ಲೋಮನಾಳ. ಅದರ ಗೋಡೆ ಒಂದೇ ಪದರ ಜೀವಕೋಶ. ಅಗಲ 5ರಿಂದ 10 ಮೈಕ್ರೋಮೀಟರ್. ಕೆಂಪು ರಕ್ತಕಣವೇ 7–8 ಮೈಕ್ರೋಮೀಟರ್ ಇರುವುದರಿಂದ ಎಷ್ಟೋ ಕಡೆ ಅದು ಮೈ ಬಾಗಿಸಿಕೊಂಡು ನುಸುಳಬೇಕು. ಅಲ್ಲಿಂದ ಮುಂದೆ ಹೋಲಿಕೆ ನಡೆಯುವುದಿಲ್ಲ. ನಮ್ಮ ಬಸಿಗಾಲುವೆ ನೀರು ವಾಪಸ್ ಕಟ್ಟೆಗೆ ಹೋಗಲ್ಲ. ರಕ್ತ ಹೋಗಲೇಬೇಕು. ಅದಕ್ಕೇ ಕೈಕಾಲಿನ ಅಭಿಧಮನಿಗಳಲ್ಲಿ ಕವಾಟಗಳಿವೆ, ಹಿಂದಕ್ಕೆ ಜಾರದ ಹಾಗೆ. ರಕ್ತ ದೇಹವೆಲ್ಲ ಸುತ್ತಿ ಹೃದಯಕ್ಕೇ ಮರಳುತ್ತದೆ ಎಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ತೋರಿಸಿದಾಗ ಈ ಮುಂಗೈ ಕವಾಟಗಳನ್ನೂ ಸಾಕ್ಷಿಗೆ ತಂದಿದ್ದ. ನಿಮ್ಮ ಮುಂಗೈಯಲ್ಲಿ ಉಬ್ಬಿದ ಒಂದು ಅಭಿಧಮನಿಯನ್ನು ಒಂದು ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಮೊಣಕೈ ಕಡೆಗೆ ಸವರಿ. ಕವಾಟ ದಾಟಿದ ಮೇಲೆ ಆ ಬೆರಳು ತೆಗೆದರೂ ಖಾಲಿಯಾದ ಭಾಗ ಮೇಲಿನಿಂದ ತುಂಬಲ್ಲ. (ಶಾಲೆಯಲ್ಲಿ ಕಲಿತ ‘ಶುದ್ಧ ರಕ್ತ, ಅಶುದ್ಧ ರಕ್ತ’ ಅನ್ನೋದನ್ನು ಇವತ್ತೇ ಬಿಟ್ಟುಬಿಡಿ. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಆಮ್ಲಜನಕ ಕಮ್ಮಿ ಇರುವ ರಕ್ತವೇ ಹರಿಯುತ್ತೆ. ಹೃದಯದಿಂದ ಹೊರಟರೆ ಅಪಧಮನಿ, ಹೃದಯಕ್ಕೆ ಬಂದರೆ ಅಭಿಧಮನಿ. ಅಷ್ಟೇ.)

ಅದೇ ಜೋರಿನಲ್ಲಿ, ನರದಲ್ಲೂ ಹೀಗೇ ಸಿಗ್ನಲ್ ಹರಿಯುತ್ತೆ ಅಂದೆ. ಅಪ್ಪ ಒಪ್ಪಲಿಲ್ಲ.

“ಅಲ್ಲ ಕಣವ್ವ, ತೂಬು ಎತ್ತಿದ್ರೆ ಕೊನೇ ಗದ್ದೆಗೆ ನೀರು ಮುಟ್ಟಕ್ಕೆ ಅರ್ಧ ದಿನ ಬೇಕು. ಒಲೆ ಮುಟ್ಟಿದ್ರೆ ಕೈ ಆ ಚಣಕ್ಕೇ ಈಚೆಗೆ ಬತ್ತದಲ್ಲ, ಅದೆಂಗೆ?”

ಎರಡು ದಿನ ಆ ಪ್ರಶ್ನೆಯನ್ನೇ ಇಟ್ಟುಕೊಂಡು ಓದಿದೆ. ಉತ್ತರ ಸಿಕ್ಕಿದ್ದು ಪಕ್ಕದವರ ಹೊಲದಲ್ಲಿ. ಕಬ್ಬು ಕಡಿದ ಮೇಲೆ ಬಿದ್ದಿದ್ದ ತರಗಿಗೆ ಬೆಂಕಿ ಇಟ್ಟಿದ್ದರು. ಬೆಂಕಿ ಈ ಬದುವಿನಿಂದ ಆ ಬದುವಿಗೆ ಓಡಿತು. ತರಗು ಇದ್ದಲ್ಲೇ ಇತ್ತು. ನರದಲ್ಲಿ ಆಗುವುದೂ ಅದೇ. ಏನೂ ಆ ತುದಿಯಿಂದ ಈ ತುದಿಗೆ ಹರಿದು ಬರುವುದಿಲ್ಲ. ಸುಮ್ಮನಿರುವಾಗ ನರತಂತುವಿನ (ನರದೊಳಗಿನ ಒಂದೊಂದು ಎಳೆಯ) ಒಳಗೆ ವೋಲ್ಟೇಜ್ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಮ್ಮಿ ಇರುತ್ತದೆ. ಕೆರಳಿಸಿದಾಗ ಅದು ಮೈನಸ್ 55ರ ಹತ್ತಿರ ಏರಿದರೆ, ಆ ಜಾಗದ ಸೋಡಿಯಂ ಬಾಗಿಲುಗಳು ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ. ಅದರಿಂದ ಏರಿದ ವೋಲ್ಟೇಜ್ ಬೆಂಕಿಯ ಬಿಸಿಯ ಹಾಗೆ ಪಕ್ಕದ ಬಾಗಿಲಿಗೆ ತಾಗಿ ಅದೂ ತೆರೆಯುತ್ತದೆ. ಹಿಂದೆಯೇ ಪೊಟ್ಯಾಸಿಯಂ ಹೊರಗೆ ಹೋಗಿ ಆ ಜಾಗ ಮತ್ತೆ ತಣ್ಣಗಾಗುತ್ತದೆ. ಬೆಂಕಿಕಡ್ಡಿಯಿಂದ ಹಚ್ಚಿದರೂ ಪಂಜಿನಿಂದ ಹಚ್ಚಿದರೂ ತರಗಿನ ಬೆಂಕಿ ಒಂದೇ ಅಲ್ವಾ? ಸಿಗ್ನಲ್ ಕೂಡ ಹಾಗೇ. ಹತ್ತಿದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ. ಸುಟ್ಟ ಕಡೆಗೆ ಬೆಂಕಿ ವಾಪಸ್ ಬರಲ್ಲ, ಅದಕ್ಕೇ ಸಿಗ್ನಲ್ ಮುಂದಕ್ಕೇ ಹೋಗುತ್ತದೆ. ಒಂದೇ ವ್ಯತ್ಯಾಸ, ಕೆಲವೇ ಮಿಲಿಸೆಕೆಂಡಿನಲ್ಲಿ ನರದ ತರಗು ಮತ್ತೆ ಹೊಸದಾಗಿರುತ್ತದೆ. ಇದನ್ನು ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಅನ್ನೋ ವಿಜ್ಞಾನಿಗಳು ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನಲ್ಲಿ ಅಳೆದು 1952ರಲ್ಲಿ ಲೆಕ್ಕದ ಸಮೇತ ತೋರಿಸಿದರು.

ದಪ್ಪಗಿದ್ದು ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುವ ನರತಂತುವಿನಲ್ಲಿ ಈ ಬೆಂಕಿ ಹೊದಿಕೆ ಬಿಟ್ಟಿರುವ ಗಂಟಿನಿಂದ ಗಂಟಿಗೆ ನೆಗೆಯುತ್ತದೆ, ಸೆಕೆಂಡಿಗೆ 120 ಮೀಟರ್‌ವರೆಗೂ. ಹೊದಿಕೆ ಇಲ್ಲದ ಸಣ್ಣ ತಂತುವಿನಲ್ಲಿ ಒಂದು ಮೀಟರ್ ಆಸುಪಾಸು. ಕಲ್ಲಿಗೆ ಎಡವಿದಾಗ ಮೊದಲು ಚುರುಕ್ ಅಂದು, ಆಮೇಲೆ ನಿಧಾನಕ್ಕೆ ಉರಿ ಏಳುತ್ತದಲ್ಲ, ಅವು ಎರಡು ಬೇರೆ ವೇಗದ ತಂತುಗಳು ತಂದ ಸುದ್ದಿ. ಅಪ್ಪನಿಗೆ ಇದನ್ನು ಹೇಳಿದಾಗ, “ಈಗ ಸರೋಯ್ತು” ಅಂದರು. ನನ್ನ ನಿಜವಾದ ವೈವಾ (ಮೌಖಿಕ ಪರೀಕ್ಷೆ) ಅದೇ ಅಂತ ನನಗೆ ಈಗಲೂ ಅನ್ನಿಸುತ್ತೆ.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ: ಸಿಗ್ನಲ್ ಪಾಠ ಬಿಡಬೇಡಿ. ಅದನ್ನೇ ಮೊದಲು ಓದಿ. ಫಿಸಿಯೋ ಓದುವವರು ನಾಳೆ ಕರೆಂಟ್ ಹಿಡಿದು ಸ್ನಾಯು ಕುಣಿಸುವವರು. ಆ ಕರೆಂಟ್ ಯಾಕೆ ಕೆಲಸ ಮಾಡುತ್ತೆ ಅಂತ ತಿಳಿಯದೆ ಹೇಗೆ ಹಿಡಿಯುತ್ತೀರಿ?

ಮೊದಲನೇ ಪ್ರಶ್ನೆಯ ಸೂತ್ರವನ್ನು ನಾನು ಕೊಡುವುದಿಲ್ಲ. ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ, ಮೈಸೂರು. ಈ ಸ್ಟೇಷನ್‌ಗಳನ್ನು ನೆನಪಿಡಲು ನಮ್ಮ ಕಡೆ ಯಾರಾದರೂ ಸೂತ್ರ ಮಾಡಿಕೊಂಡಿದ್ದಾರಾ? ಇಳಿದು ಹತ್ತಿ ಗೊತ್ತಿರುವುದರಿಂದ ನೆನಪಿವೆ. ನರಗಳೂ ಹಾಗೇ ಆಗಬೇಕು. ಕನ್ನಡಿ ಮುಂದೆ ನಿಲ್ಲಿ. ಕಾಫಿಪುಡಿ ಮೂಸಿದರೆ ಒಂದು. ಗೋಡೆಯ ಕ್ಯಾಲೆಂಡರ್ ಓದಿದರೆ ಎರಡು. ಕಣ್ಣುಗುಡ್ಡೆ ಆಡಿಸಿದರೆ ಮೂರು, ನಾಲ್ಕು, ಆರು. ಅದರಲ್ಲಿ ಆರನೆಯದಕ್ಕೆ ಕಣ್ಣನ್ನು ಕಿವಿಯ ಕಡೆಗೆ ಎಳೆಯುವ ಒಂದೇ ಸ್ನಾಯು. ಕೆನ್ನೆಗೆ ಹತ್ತಿ ತಾಗಿದ್ದು ಗೊತ್ತಾದರೆ, ಹಲ್ಲು ಕಚ್ಚಿದರೆ ಐದು. ನಕ್ಕರೆ ಏಳು. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟಾಗ ತುಟಿ ಜೋಮು ಹಿಡಿಯುವುದು ಐದನೆಯದರ ಕವಲು. ಮುಖದ ಸ್ಪರ್ಶ ಐದನೆಯದು, ಮುಖ ಆಡಿಸುವುದು ಏಳನೆಯದು. ಅವತ್ತು ಈ ಒಂದು ಮಾತು ಹೇಳಿದ್ದರೆ ಪರೀಕ್ಷಕರಿಗೆ ಸಾಕಾಗಿತ್ತು. ಭುಜ ಎತ್ತಿದರೆ ಹನ್ನೊಂದು, ನಾಲಿಗೆ ಚಾಚಿದರೆ ಹನ್ನೆರಡು. ಎಂಟು ಕಿವಿ ಮತ್ತು ಮೈಯ ಸಮತೋಲ. ಒಂಬತ್ತು, ಹತ್ತು ನುಂಗುವಾಗ ಜೊತೆಗೇ ಇರುತ್ತವೆ.

ಏಳನೆಯದನ್ನು ನನಗೆ ಮರೆಯದ ಹಾಗೆ ಕಲಿಸಿದ್ದು ಪಕ್ಕದ ಮನೆ ದೊಡ್ಡವ್ವ. ಬೆಳಿಗ್ಗೆ ಎದ್ದಾಗ ಅವರ ಮುಖದ ಒಂದು ಕಡೆ ಜೋತುಬಿದ್ದಿತ್ತು. ಲಕ್ವ ಹೊಡೆದಿದೆ ಅಂತ ಬೀದಿಯೆಲ್ಲ ಸೇರಿತ್ತು. “ದೊಡ್ಡವ್ವ, ಹುಬ್ಬು ಮೇಲೆತ್ತು” ಅಂದೆ. ಜೋತುಬಿದ್ದ ಕಡೆ ಹಣೆಯೂ ಸುಕ್ಕಾಗಲಿಲ್ಲ, ಕಣ್ಣೂ ಮುಚ್ಚಲಿಲ್ಲ. ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಬದಿಯಿಂದ ಅಪ್ಪಣೆ ಬರುತ್ತದೆ. ಅದಕ್ಕೇ ಮಿದುಳಿನ ಒಂದು ಬದಿಗೆ ಲಕ್ವ ಹೊಡೆದರೆ ಸಾಮಾನ್ಯವಾಗಿ ಹಣೆ ಉಳಿಯುತ್ತದೆ. ನರವೇ ಕೆಟ್ಟರೆ ಹಣೆಯೂ ಹೋಗುತ್ತದೆ. ಆದರೆ ಅದನ್ನು ತೀರ್ಮಾನಿಸುವುದು ನನ್ನ ಕೆಲಸ ಆಗಿರಲಿಲ್ಲ. ಮುಖ ವಾಲಿದರೆ ಕಾರಣ ಏನೇ ಇರಲಿ, ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಆಟೋ ತರಿಸಿ ಮಂಡ್ಯಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಮೊದಲು ಹೇಳಿದ್ದು ಅದೇ: “ಹುಬ್ಬು ಎತ್ತಿ ಅಮ್ಮ.” ಏಳನೇ ನರದ್ದೇ ತೊಂದರೆ ಆಗಿತ್ತು. ಮಾತ್ರೆ ಕೊಟ್ಟರು. ರಾತ್ರಿ ಕಣ್ಣು ಒಣಗದ ಹಾಗೆ ಮುಲಾಮು ಹಾಕಿ ಪಟ್ಟಿ ಅಂಟಿಸಲು ಹೇಳಿದರು. ಎರಡು ತಿಂಗಳಲ್ಲಿ ದೊಡ್ಡವ್ವ ಮೊದಲಿನ ಹಾಗೆ ನಕ್ಕರು.

ಈಗ ನೀವು ಮಾಡಬೇಕಾದ್ದು. ಸೀನಿಯರ್‌ಗಳ ಹತ್ತಿರ ತಲೆಬುರುಡೆ ಎರವಲು ಕೇಳಿ. ನಾಲ್ಕೈದು ಬಣ್ಣದ ಹೊಲಿಗೆ ದಾರ ತನ್ನಿ. ಬುರುಡೆಯ ತಳದ ತೂತುಗಳಲ್ಲಿ ಒಂದೊಂದೇ ದಾರ ತೂರಿಸಿ. ಐದನೆಯದರ ಮೂರು ಕವಲಿಗೆ ಮೂರು ಬೇರೆ ದಾರಿ: ಕಣ್ಣಿನ ಗೂಡಿನ ಸೀಳು, ಫೊರಾಮೆನ್ ರೊಟುಂಡಮ್, ಫೊರಾಮೆನ್ ಒವೇಲ್ (ಫೊರಾಮೆನ್ ಅಂದರೆ ತೂತು). ಏಳನೆಯದನ್ನು ಒಳಕಿವಿಯ ಹಾದಿಯಲ್ಲಿ ಕಳಿಸಿ, ಕಿವಿಯ ಕೆಳಗಿನ ಸಣ್ಣ ತೂತಿನ ಹತ್ತಿರ ಕಾಯಿರಿ. ಮೂಳೆಯೊಳಗಿನ ದಾರಿ ಸೊಟ್ಟಗಿದೆ, ದಾರ ಅಲ್ಲಿಂದ ಹೊರಗೆ ಬರಲಿಕ್ಕಿಲ್ಲ. ಎಲ್ಲಿ ತಿರುಗುತ್ತೆ ಅಂತ ಆಗ ನೀವೇ ಪುಸ್ತಕ ತೆರೆಯುತ್ತೀರಿ. ಒಂಬತ್ತು, ಹತ್ತು, ಹನ್ನೊಂದು ಮೂರನ್ನೂ ಜ್ಯುಗುಲಾರ್ ಫೊರಾಮೆನ್‌ನಲ್ಲಿ ಒಟ್ಟಿಗೇ ಇಳಿಸಿ. ಹತ್ತನೆಯದಕ್ಕೆ ಮಾತ್ರ ದಾರ ಉದ್ದಕ್ಕೆ ಕತ್ತರಿಸಿ. ಅದು ಕುತ್ತಿಗೆ ಇಳಿದು, ಎದೆ ದಾಟಿ, ಹೊಟ್ಟೆಯವರೆಗೂ ಹೋಗಬೇಕು.