ಎಷ್ಟು ಸಲ ಕೆಡುತ್ತೆ ಅನ್ನೋದಕ್ಕಿಂತ, ಎಷ್ಟು ಬೇಗ ಸರಿಯಾಗುತ್ತೆ ಅಂತ ಕೇಳಿ

ಅಣ್ಣಾ, ಕೊಡಗಿನ ಗೋಣಿಕೊಪ್ಪದ ನಿಮ್ಮ ಕಾಫಿ ಆಫೀಸಿಗೆ ಒಂದು ಹಳೆಯ ಸರ್ವರ್ (ಹಲವರು ಒಟ್ಟಿಗೆ ಬಳಸುವ ಕಂಪ್ಯೂಟರ್) ತಗೊಂಡು ಅದರಲ್ಲೇ ಐದು ಜನ ಕೆಲಸ ಮಾಡಬೇಕು, ನಂಬಬಹುದಾ ಅಂತ ಕೇಳಿದ್ದೀರಿ. ನಂಬಬಹುದು, ಆದರೆ ಪರೀಕ್ಷೆ ಮಾಡಿಯೇ ತಗೊಳ್ಳಿ. ಬೇರೆ ಬೇರೆ ಕಂಪ್ಯೂಟರ್ ಇದ್ದರೆ, ಒಂದು ಕೆಟ್ಟಾಗ ಒಬ್ಬರ ಕೆಲಸ ನಿಲ್ಲುತ್ತದೆ. ಒಂದೇ ಸರ್ವರ್ ಆದರೆ ತೂಕದ ಚೀಟಿ, ಬಿಲ್ಲು, ತೋಟದ ರೈಟರ್ ಹಾಕುವ ಆಳುಗಳ ಹಾಜರಿಯ ಚೆಕ್‌ರೋಲ್ ಎಲ್ಲಾ ಒಟ್ಟಿಗೇ ನಿಲ್ಲುತ್ತವೆ. ಕೊಯ್ಲಿನಲ್ಲಿ, ಬಟವಾಡೆ ದಿನವೇ ನಿಂತರೆ ಎಷ್ಟು ಕಷ್ಟ ಅಂತ ನಿಮಗೇ ಗೊತ್ತು.

ಎಂಟಿಬಿಎಫ್, ಅಂದರೆ ಒಂದು ಸಲ ಕೆಟ್ಟು ಮತ್ತೆ ಕೆಡುವವರೆಗಿನ ಸರಾಸರಿ ಸಮಯ ಅಂತ ಕಂಪನಿ ಕೊಡುವ ಅಂಕಿ ನೋಡಿ ತೀರ್ಮಾನ ಮಾಡಬೇಡಿ. ಡಿಸ್ಕಿಗೆ 10 ಲಕ್ಷ ಗಂಟೆ ಅಂತ ಬರೆದಿದ್ದರೆ ಅದು 114 ವರ್ಷ ಬಾಳುತ್ತದೆ ಅಂತಲ್ಲ. ಅಂಥ ಸಾವಿರ ಡಿಸ್ಕ್ ವರ್ಷಪೂರ್ತಿ ಓಡಿದರೆ ಎಂಟೊಂಬತ್ತು ಕೆಡಬಹುದು ಅನ್ನುವ ಲೆಕ್ಕ ಅಷ್ಟೇ.

ನಮಗೆ ಮುಖ್ಯ ರಿಪೇರಿಯ ಸಮಯ. ವರ್ಷಕ್ಕೆರಡು ಸಲ ಕೆಟ್ಟರೂ ಅರ್ಧ ಗಂಟೆಯಲ್ಲಿ ಸರಿಯಾಗುವ ಮಿಷನ್ ವಾಸಿ. ಎರಡು ವರ್ಷಕ್ಕೊಮ್ಮೆ ಕೆಟ್ಟು, ಬೋರ್ಡಿಗಾಗಿ ವಾರಗಟ್ಟಲೆ ಕಾಯಿಸುವುದು ಬೇಡ. 99% ಸಮಯ ಚಾಲೂ ಇರುತ್ತೆ ಅಂದರೂ ವರ್ಷಕ್ಕೆ ಮೂರೂವರೆ ದಿನಕ್ಕಿಂತ ಜಾಸ್ತಿ ಬಂದ್ ಅಂತಾಯ್ತು, ಅಲ್ವಾ? ಮೈಸೂರಿಂದಲೋ ಬೆಂಗಳೂರಿಂದಲೋ ಸಾಮಾನು ಬರಬೇಕು. ಜುಲೈನಲ್ಲಿ ಮರ ಬಿದ್ದು ರಸ್ತೆ ಕಟ್ಟಿದರೆ ಅದೂ ಇಲ್ಲ. ಹಾಗಾಗಿ ಒಂದು ಪವರ್ ಸಪ್ಲೈ, ಒಂದು ಡಿಸ್ಕ್, ಒಂದು ಫ್ಯಾನ್ ಜಾಸ್ತಿಯೇ ತಂದಿಟ್ಟುಕೊಳ್ಳಿ.

ದುಡ್ಡು ಕೊಡುವ ಮೊದಲು ಮುಚ್ಚಳ ಬಿಚ್ಚಿಸಿ. ಬೋರ್ಡಿನ ಮೇಲಿರುವ ಉರುಟು ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಅಂಟು ಸೋರಿದ್ದರೆ ಬೇಡ. ರ‍್ಯಾಮ್ ಒಂದನ್ನು ತೆಗೆಸಿ, ಚಿನ್ನದ ಬಣ್ಣದ ಅಂಚು ನೋಡಿ. ಅಲ್ಲಿ ಹಸಿರು ಕಲೆ ಕಂಡರೆ ತೇವದ ಜಾಗದಲ್ಲಿ ಇದ್ದ ಮಿಷನ್ ಅದು. ರ‍್ಯಾಮ್ ಇಸಿಸಿಯೇ ಆಗಿರಲಿ. ಒಂದು ಬಿಟ್ (ಮಾಹಿತಿಯ ಅತಿ ಸಣ್ಣ ತುಣುಕು) ತಪ್ಪಿದರೆ ತಾನೇ ತಿದ್ದುತ್ತದೆ, ಸರ್ವರ್ ತನ್ನ ತೊಂದರೆಗಳನ್ನು ಬರೆದಿಡುವ ಸಿಸ್ಟಂ ಈವೆಂಟ್ ಲಾಗ್‌ನಲ್ಲಿ ಸಾಮಾನ್ಯವಾಗಿ ಗುರುತೂ ಉಳಿಯುತ್ತದೆ. ಹಳೆಯ ಸರ್ವರಿನ ಲಾಗ್ ಪೂರ್ತಿ ಖಾಲಿ ಇದ್ದರೆ ಯಾಕೆ ಅಳಿಸಿದರು ಅಂತ ಕೇಳಿ. ಸಾಟಾ (ಮನೆಯ ಕಂಪ್ಯೂಟರಿನಲ್ಲೂ ಇರುವ ಬಗೆಯ) ಡಿಸ್ಕ್ ಆದರೆ, ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಇಡುವ ಸ್ಮಾರ್ಟ್ ರಿಪೋರ್ಟಿನಲ್ಲಿ ರೀಅಲೊಕೇಟೆಡ್ (ಕೆಟ್ಟು ಬದಲಿ ಜಾಗ ಕೊಟ್ಟ), ಪೆಂಡಿಂಗ್ (ಓದಲು ತೊಂದರೆ ಕೊಡುತ್ತಿರುವ) ಸೆಕ್ಟರ್ ಎರಡೂ ಸೊನ್ನೆ ಇರಬೇಕು. 40,000 ಗಂಟೆ ಓಡಿದೆ ಅಂದರೆ ನಾಲ್ಕೂವರೆ ವರ್ಷ ಹಗಲು ರಾತ್ರಿ ದುಡಿದಿದೆ. ಸರ್ವರ್ ತಗೊಳ್ಳಿ, ಡಿಸ್ಕ್ ಮಾತ್ರ ಹೊಸದು ಹಾಕಿಸಿ.

ಒಂದು ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಲಿ, ಒಂದೂ ತಪ್ಪು ಬರಬಾರದು. ಆಮೇಲೆ ನಿಮ್ಮ ಐದೂ ಜನರನ್ನು ಕೂರಿಸಿ, ಒಂದೇ ಸಲ ಬಿಲ್ ಹಾಕಿಸಿ. ಅದು ಓಡುತ್ತಿರುವಾಗಲೇ ಎರಡು ಪವರ್ ಕೇಬಲ್‌ಗಳಲ್ಲಿ ಒಂದನ್ನು ಕೀಳಿ. ಮಿರರ್ ಮಾಡಿದ, ಅಂದರೆ ಒಂದೇ ಮಾಹಿತಿ ಎರಡರಲ್ಲೂ ಇರುವ ಡಿಸ್ಕ್‌ಗಳಲ್ಲೂ ಒಂದನ್ನು ಎಳೆಯಿರಿ. ಯಾರ ಪರದೆಯೂ ನಿಲ್ಲಬಾರದು. ಡಿಸ್ಕ್ ವಾಪಸ್ ಹಾಕಿ, ರೀಬಿಲ್ಡ್ (ಅದಕ್ಕೆ ಮಾಹಿತಿ ಮತ್ತೆ ನಕಲಾಗುವುದು) ಮುಗಿಯುವವರೆಗೂ ಅಲ್ಲೇ ಇರಿ. ಇದಕ್ಕೆ ಒಪ್ಪದವರ ಹತ್ತಿರ ತಗೊಳ್ಳಲೇಬೇಡಿ. ಮಿರರ್ ಇದೆ ಅಂತ ಬ್ಯಾಕಪ್ ಬಿಡಬೇಡಿ. ತಪ್ಪಾಗಿ ಅಳಿಸಿದ್ದು ಎರಡೂ ಡಿಸ್ಕಿಂದ ಹೋಗುತ್ತದೆ.

ಏಪ್ರಿಲ್, ಮೇ ಸಿಡಿಲಿಗೆ ಮೊದಲು ಅರ್ತಿಂಗ್ ನೋಡಿಸಿ. ಗೋದಾಮಿಂದ ಆಫೀಸಿಗೆ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆದಿದ್ದರೆ ಸಿಡಿಲಿನ ಏಟು ಅದರಲ್ಲೂ ಬರುತ್ತದೆ. ಅಲ್ಲಿ ಕರೆಂಟ್ ಹಾಯದ ಫೈಬರ್ ಕೇಬಲ್ ಹಾಕಿ. ಯುಪಿಎಸ್‌ನ ಯುಎಸ್‌ಬಿ ವೈರನ್ನು ಸರ್ವರಿಗೆ ಜೋಡಿಸಿ, ಬ್ಯಾಟರಿ ಇಳಿದಾಗ ತಾನೇ ಸರಿಯಾಗಿ ಆಫ್ ಆಗುವ ಹಾಗೆ ಮಾಡಿಸಿ.

ಮಾಡೆಲ್ ನಂಬರ್, ಡಿಸ್ಕ್ ರಿಪೋರ್ಟಿನ ಫೋಟೋ ಇಲ್ಲೇ ಹಾಕಿ ಅಣ್ಣಾ, ನೋಡಿ ಹೇಳುತ್ತೇನೆ.